ಹಳೇ 800: ಮುಂದೆ ಎಡಗಡೆ ‘ಟಕ್’ ಸದ್ದು, ಶಾಕ್ಸ್ ಬದಲಾಯಿಸಿದರೂ ಹೋಗಿಲ್ಲ

ಕಲ್ಪತರು800

ಎಲ್ಲರಿಗೂ ನಮಸ್ಕಾರ. ಗಾಡಿ 2007ರ ಮಾರುತಿ 800, ಅಪ್ಪ ತಗೊಂಡಿದ್ದು. 1,18,000 ಕಿಲೋಮೀಟರ್ ಓಡಿದೆ. ಮೂರು ವರ್ಷದಿಂದ ನನ್ನ ಕೈಯಲ್ಲಿದೆ. ವಾರಕ್ಕೊಮ್ಮೆ ತುಮಕೂರಿನಿಂದ ತಿಪಟೂರು ಕಡೆ ನಮ್ಮೂರಿಗೆ ಹೋಗಿ ಬರುವುದು, ಬರುವಾಗ ಡಿಕ್ಕಿಯಲ್ಲಿ ಒಂದು ಮೂಟೆ ತೆಂಗಿನಕಾಯಿ ತರುವುದು, ಅಷ್ಟೇ ಅದರ ಕೆಲಸ. ಎಂಜಿನ್ ಬಗ್ಗೆ ಒಂದು ಮಾತೂ ಆಡುವ ಹಾಗಿಲ್ಲ, ಚೆನ್ನಾಗಿದೆ.

ತೊಂದರೆ ಏನಂದರೆ ಮುಂದೆ ಎಡಗಡೆಯಿಂದ ಒಂದು ಸದ್ದು. ಕಬ್ಬಿಣದ ಗೇಟಿನ ಚಿಲಕ ಹಾಕಿದ ಹಾಗೆ, ಒಂದೇ ಸಲ, ‘ಟಕ್’. ಗಡಗಡ ಅಲ್ಲ, ಕಿರಕಿರ ಅಲ್ಲ. ಹೈವೇಯಲ್ಲಿ 70-80ರಲ್ಲಿ ಹೋಗುವಾಗ ಏನೂ ಇಲ್ಲ. ಬಿ.ಎಚ್. ರಸ್ತೆ ಬಿಟ್ಟು ಊರಿನ ದಾರಿಗೆ ತಿರುಗಿಸಿ, ಟಾರಿನ ಅಂಚಿನಿಂದ ಮಣ್ಣಿಗೆ ಎಡಗಡೆ ಚಕ್ರ ಇಳಿಯಿತೋ ಇಲ್ಲವೋ, ಟಕ್. ಎದುರಿಗೆ ಟ್ರ್ಯಾಕ್ಟರ್ ಬಂದರೆ ದಾರಿ ಬಿಡಬೇಕಲ್ಲ, ಆಗೆಲ್ಲ ಗ್ಯಾರಂಟಿ. ನನ್ನ ಹೆಂಡತಿ ಪಕ್ಕದಲ್ಲಿ ಕೂತು ‘ನನ್ನ ಕಾಲ ಕೆಳಗೇ ಯಾರೋ ಸುತ್ತಿಗೆಯಲ್ಲಿ ಹೊಡೀತಿದಾರೆ’ ಅನ್ನುತ್ತಾಳೆ. ವಿಚಿತ್ರ ಅಂದರೆ ಹಂಪ್ ಮೇಲೆ ನೇರವಾಗಿ ಹತ್ತಿ ಇಳಿದರೆ ಸಾಮಾನ್ಯವಾಗಿ ಸದ್ದು ಬರುವುದಿಲ್ಲ.

ಇಲ್ಲಿಯವರೆಗೆ ಮಾಡಿಸಿದ್ದು: ಮೊದಲ ಗ್ಯಾರೇಜಿನವರು ಬಾನೆಟ್ ಮೇಲೆ ಕೈಯಿಟ್ಟು ಎರಡು ಸಲ ಒತ್ತಿ ನೋಡಿ ಶಾಕ್ಸ್ ಹೋಗಿದೆ ಅಂದರು. ಮುಂದಿನ ಎರಡೂ ಹೊಸದು ಹಾಕಿಸಿದೆ. ಗಾಡಿ ಕುಣಿಯುವುದು ನಿಂತಿತು, ನಿಜ. ಸದ್ದು ನಿಲ್ಲಲಿಲ್ಲ. ಆಮೇಲೆ ‘ಹಾಗಾದರೆ ಮೌಂಟಿಂಗ್ ಇರಬೇಕು’ ಅಂತ ಎಡಗಡೆ ಸ್ಟ್ರಟ್ ಮೌಂಟಿಂಗ್ (ಶಾಕ್ಸ್ ತಲೆಯನ್ನು ಬಾಡಿಗೆ ಹಿಡಿದಿರುವ ಭಾಗ) ಬದಲಾಯಿಸಿದರು. ಒಂದು ವಾರ ಕಮ್ಮಿ ಆದ ಹಾಗೆ ಅನ್ನಿಸಿತು. ದುಡ್ಡು ಕೊಟ್ಟ ಮೇಲೆ ಕಿವಿಗೂ ಹಾಗೆ ಅನ್ನಿಸುತ್ತದೆ ಅಲ್ವಾ. ಈಗ ಮೊದಲಿನಷ್ಟೇ ಇದೆ. ಇನ್ನೊಬ್ಬರ ಹತ್ತಿರ ತೋರಿಸಿದರೆ ಸ್ಟೀರಿಂಗ್ ಬಾಕ್ಸ್ ಬದಲಾಯಿಸಬೇಕು ಅನ್ನುತ್ತಿದ್ದಾರೆ. ಅವರು ಹೇಳಿದ ರೇಟಿಗೆ ಅಪ್ಪ ‘ಗಾಡಿನೇ ಕೊಟ್ಟುಬಿಡು’ ಅಂದುಬಿಟ್ಟರು.

ಕೊಡುವ ಮಾತಿಲ್ಲ. ಬಾಕ್ಸ್ ಬದಲಾಯಿಸುವ ಮೊದಲು ನಾನೇ ಮನೆಯಲ್ಲಿ ಏನಾದರೂ ನೋಡಬಹುದಾ? ಜ್ಯಾಕ್ ಇದೆ, ಸ್ಪ್ಯಾನರ್ ಸೆಟ್ ಇದೆ, ಭಾನುವಾರ ಬಿಡುವಿದೆ.


ಹಾಸನ_ಹೈವೇ

ಲಿಂಕ್ ರಾಡ್ ಸರ್, ಸಸ್ಪೆನ್ಷನ್ನಿನಲ್ಲಿ ಜೋಡಿಸಿರುವ ಚಿಕ್ಕ ಕೋಲು. ಕಣ್ಣು ಮುಚ್ಚಿಕೊಂಡು ಎರಡೂ ಕಡೆ ಬದಲಾಯಿಸಿ. ನನ್ನ ಗಾಡಿಯಲ್ಲಿ ಡಿಟ್ಟೋ ಇದೇ ಸದ್ದು, ಒಂದು ಚಕ್ರ ಗುಂಡಿಗೆ ಇಳಿದಾಗ ಮಾತ್ರ. ಅರ್ಧ ಗಂಟೆ ಕೆಲಸ, ಆಮೇಲೆ ಫುಲ್ ಸೈಲೆಂಟ್. ಗಾಡಿ ಬೇರೆ, 2014ರ ಹ್ಯಾಚ್‌ಬ್ಯಾಕ್. ಆದರೆ ಸಸ್ಪೆನ್ಷನ್ ಎಲ್ಲ ಒಂದೇ ತಾನೇ.


ಗ್ರೀಸ್‌ಕೈ

ಎಲ್ಲ ಒಂದೇ ಅಲ್ಲ, ಅದೇ ಇಲ್ಲಿ ಎಡವಟ್ಟು. ಹಾಸನದವರೇ ಬೇಜಾರಾಗಬೇಡಿ, ನಿಮ್ಮ ಗಾಡಿಗೆ ನೀವು ಹೇಳಿದ್ದು ಸರಿ. ಆದರೆ 800ರಲ್ಲಿ ಲಿಂಕ್ ರಾಡ್ ಅನ್ನುವ ಸಾಮಾನೇ ಇಲ್ಲ. ಬದಲಾಯಿಸಿ ಅಂತ ಅಂಗಡಿಗೆ ಹೋದರೆ ನಗುತ್ತಾರೆ.

ನಾನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಈ ಗಾಡಿಗಳ ಕೆಳಗೆ ಮಲಗಿದ್ದೇನೆ. ಈಗ ಬೆನ್ನು ಒಪ್ಪುವುದಿಲ್ಲ, ಅದಕ್ಕೆ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಮೊದಲು ನಿಮ್ಮ ಗಾಡಿಯ ಮುಂದಿನ ಚಕ್ರ ಹೇಗೆ ನಿಂತಿದೆ ಅನ್ನುವುದು ತಿಳಿಯಲಿ. ಮೇಲೆ ಸ್ಟ್ರಟ್, ಅಂದರೆ ಶಾಕ್ ಮತ್ತು ಸ್ಪ್ರಿಂಗ್ ಸೇರಿ ಒಂದು ಕಂಬ. ಅದರ ತಲೆ ಬಾನೆಟ್ ಒಳಗೆ ಕಾಣುತ್ತದಲ್ಲ, ಆ ಗುಂಡನೆಯ ಜಾಗಕ್ಕೆ ಮೌಂಟಿಂಗ್ ಮೂಲಕ ಕಚ್ಚಿಕೊಂಡಿದೆ. ಕೆಳಗೆ ಲೋವರ್ ಆರ್ಮ್, ಅದರ ಹೊರ ತುದಿಯಲ್ಲಿ ಬಾಲ್ ಜಾಯಿಂಟ್, ಅಂದರೆ ಎಲ್ಲ ದಿಕ್ಕಿಗೂ ಹೊರಳುವ ಗುಂಡಿನ ಕೀಲು. ಈಗಿನ ಬಹಳಷ್ಟು ಗಾಡಿಗಳಲ್ಲಿ ಈ ಆರ್ಮ್ ಎಲ್ ಆಕಾರದಲ್ಲಿ ಇರುತ್ತದೆ, ಬಾಡಿ ಕಡೆ ಎರಡು ಬುಷ್, ಅಂದರೆ ಕೀಲಿನಲ್ಲಿ ಕೂರುವ ರಬ್ಬರ್. ಎರಡು ಕಡೆ ಹಿಡಿದಿರುವುದರಿಂದ ಚಕ್ರ ಹಿಂದೆ ಮುಂದೆ ಹೋಗುವುದಿಲ್ಲ. 800ರಲ್ಲಿ ಆರ್ಮ್ ಒಂದು ನೇರ ಕೋಲು. ಒಳಗಡೆ ಒಂದೇ ಬುಷ್. ಒಂದೇ ಮೊಳೆಗೆ ಹೊಡೆದ ಪಟ್ಟಿ ಇದ್ದ ಹಾಗೆ, ಸುಮ್ನೆ ಬಿಟ್ಟರೆ ತಿರುಗಿಬಿಡುತ್ತದೆ. ಹಾಗೆ ತಿರುಗದಂತೆ ಹಿಡಿದಿರುವುದು ಬ್ಯಾಲೆನ್ಸ್ ರಾಡ್. ಮುಂದೆ ಅಡ್ಡಲಾಗಿ ಹೋಗಿರುವ ದಪ್ಪ ಕಂಬಿ, ಎರಡೂ ತುದಿ ಹಿಂದಕ್ಕೆ ಬಾಗಿ ಎರಡೂ ಆರ್ಮಿನ ತೂತಿನೊಳಗೆ ಹಾಯ್ದು, ಅಲ್ಲಿ ರಬ್ಬರ್ ಬುಷ್, ವಾಷರ್, ನಟ್ಟು. ಬೇರೆ ಗಾಡಿಯಲ್ಲಿ ಈ ರಾಡ್ ತಿರುವಿನಲ್ಲಿ ಗಾಡಿ ವಾಲದಂತೆ ನೋಡಿಕೊಂಡರೆ ಸಾಕು. 800ರಲ್ಲಿ ಅದು ಎರಡು ಕೆಲಸ ಮಾಡುತ್ತದೆ. ವಾಲುವುದನ್ನೂ ತಡೆಯಬೇಕು, ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ಹೋಗದಂತೆ ಎಳೆದೂ ಹಿಡಿಯಬೇಕು. ಅಷ್ಟು ಭಾರವೂ ಆ ಅಂಗೈಯಲ್ಲಿ ಮುಚ್ಚುವಷ್ಟು ಚಿಕ್ಕ ರಬ್ಬರಿನ ಮೇಲೆ.

ನಿಮ್ಮ ಪೋಸ್ಟಿನಲ್ಲಿ ನನಗೆ ಹಿಡಿಸಿದ ಮಾತು ಒಂದೇ: ಹಂಪ್ ಮೇಲೆ ನೇರ ಹೋದರೆ ಸದ್ದಿಲ್ಲ, ಒಂದು ಚಕ್ರ ಇಳಿದರೆ ಸದ್ದು. ಎರಡೂ ಚಕ್ರ ಒಟ್ಟಿಗೆ ಎದ್ದರೆ ಬ್ಯಾಲೆನ್ಸ್ ರಾಡ್ ತಿರುಚಿಕೊಳ್ಳುವುದಿಲ್ಲ, ಜೊತೆಗೇ ಎದ್ದು ಜೊತೆಗೇ ಇಳಿಯುತ್ತದೆ. ಒಂದೇ ಇಳಿದರೆ ತಿರುಚುತ್ತದೆ, ಸಡಿಲ ಇರುವ ಕಡೆ ಬಡಿಯುತ್ತದೆ. ಶಾಕ್ಸ್ ಅಥವಾ ಮೌಂಟಿಂಗ್ ಆಗಿದ್ದರೆ ಹಂಪಿನಲ್ಲೂ ಬಡಿಯಬೇಕಿತ್ತು. ಹಾಗಂತ ಇಷ್ಟಕ್ಕೇ ತೀರ್ಪು ಕೊಡುವುದಿಲ್ಲ. ಇನ್ನೂ ಸ್ವಲ್ಪ ಕೇಳಬೇಕು.

ಮುಖ್ಯ ಪ್ರಶ್ನೆ, ಬ್ರೇಕ್. ಖಾಲಿ ಜಾಗದಲ್ಲಿ ನಡೆಯುವ ವೇಗದಲ್ಲಿ ಮುಂದಕ್ಕೆ ಹೋಗಿ ಒಂದು ಸಲ ಬ್ರೇಕ್ ಒತ್ತಿ. ರಿವರ್ಸ್ ಹಾಕಿ ಹಿಂದಕ್ಕೆ ಬಂದು ಮತ್ತೆ ಒತ್ತಿ. ದಿಕ್ಕು ಬದಲಾದ ಮೇಲೆ ಮೊದಲ ಸಲ ಒತ್ತಿದಾಗ ಟಕ್ ಬಂದು, ಅದೇ ದಿಕ್ಕಿನಲ್ಲಿ ಎರಡನೇ ಸಲ ಒತ್ತಿದಾಗ ಬಾರದಿದ್ದರೆ ಯಾವುದೋ ಒಂದು ಸಾಮಾನು ಹಿಂದೆ ಮುಂದೆ ಜರುಗಿ ಕೂರುತ್ತಿದೆ ಅಂತ ಅರ್ಥ. ಅದು ಬ್ಯಾಲೆನ್ಸ್ ರಾಡ್ ಬುಷ್ ಇರಬಹುದು, ಆರ್ಮಿನ ಒಳ ಬುಷ್ ಇರಬಹುದು, ಬ್ರೇಕ್ ಪ್ಯಾಡ್ ಕೂಡ ಇರಬಹುದು.

ಪ್ಯಾಡ್ ಹೌದೋ ಅಲ್ಲವೋ ನೋಡಲು ಸುಲಭ ದಾರಿ ಇದೆ. ಸದ್ದು ಬರುವ ಅದೇ ಮಣ್ಣು ದಾರಿಯಲ್ಲಿ ಬ್ರೇಕ್ ಪೆಡಲ್ ಮೇಲೆ ಬಹಳ ಮೆತ್ತಗೆ ಕಾಲಿಟ್ಟುಕೊಂಡು ಹೋಗಿ. ಪ್ಯಾಡ್ ಸಡಿಲ ಇದ್ದು ಕುಣಿಯುತ್ತಿದ್ದರೆ ಒತ್ತಿದಾಗ ಡಿಸ್ಕಿಗೆ ಅಂಟಿಕೊಂಡು ಸುಮ್ಮನಾಗುತ್ತದೆ. ಕಾಲು ಇಟ್ಟರೂ ಸದ್ದು ಬಂದರೆ ಪ್ಯಾಡ್ ಅಲ್ಲ.

ಇನ್ನು ಚಕ್ರ ಎತ್ತಿ ನೋಡುವುದು. ಇಲ್ಲಿ ದಯವಿಟ್ಟು ಹುಡುಗಾಟ ಬೇಡ. ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡ್ ಬ್ರೇಕ್, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಗಾಡಿ ಜೊತೆ ಬರುವ ಜ್ಯಾಕ್ ಸ್ಟೆಪ್ನಿ ಹಾಕುವುದಕ್ಕೆ ಮಾತ್ರ, ಅದನ್ನು ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಕೆಳಗೆ ಹೋಗುವ ಕೆಲಸ ಗ್ಯಾರೇಜಿಗೆ ಬಿಡಿ. ಚಕ್ರ ಅಲುಗಾಡಿಸುವಾಗಲೂ ಸ್ಟೆಪ್ನಿಯನ್ನು ಬಾಗಿಲ ಕೆಳಗೆ ಅಡ್ಡ ಮಲಗಿಸಿರಿ, ಜ್ಯಾಕ್ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ.

ಚಕ್ರ ನೆಲ ಬಿಟ್ಟ ಮೇಲೆ ಮೇಲೆ ಕೆಳಗೆ ಹಿಡಿದು, ಗಡಿಯಾರದಲ್ಲಿ 12 ಮತ್ತು 6 ಇರುವ ಕಡೆ, ಒಂದು ಕೈ ಎಳೆಯಿರಿ ಒಂದು ಕೈ ನೂಕಿ. ಕಟಕಟ ಅಂದರೆ ಮನೆಯವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಾಡಿಸಿ. ಈಗ ಪ್ಲೇ (ಆ ಸಡಿಲ) ಹೋಯಿತಾ, ಹಾಗಾದರೆ ವೀಲ್ ಬೇರಿಂಗ್. ಬ್ರೇಕ್ ಒತ್ತಿದರೂ ಹಾಗೇ ಇದೆಯಾ, ಬಾಲ್ ಜಾಯಿಂಟ್ ಕಡೆ ನೋಡಬೇಕು. ಆಮೇಲೆ ಎಡಕ್ಕೆ ಬಲಕ್ಕೆ, 9 ಮತ್ತು 3ರಲ್ಲಿ ಹಿಡಿದು ಅಲುಗಾಡಿಸಿ. ಅಲ್ಲಿ ಪ್ಲೇ ಇದ್ದರೆ ಟೈ ರಾಡ್ ಎಂಡ್ (ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಕೋಲಿನ ತುದಿ) ಅಥವಾ ಅವರು ಬಾಕ್ಸ್ ಅಂದ ಸ್ಟೀರಿಂಗ್ ರ‍್ಯಾಕ್. ನಿಮಗೆ ಬಾಕ್ಸ್ ಬದಲಾಯಿಸಿ ಅಂದವರು ಈ 9-3 ನೋಡಿ ಹೇಳಿದರಾ, ಇಲ್ಲಾ ಸುಮ್ನೆ ಹೇಳಿದರಾ, ಕೇಳಿ. ರ‍್ಯಾಕ್ ಹೋಗಿದ್ದರೆ ಸಾಮಾನ್ಯವಾಗಿ ಒಂದೇ ಟಕ್ ಬರುವುದಿಲ್ಲ, ಜಲ್ಲಿ ರಸ್ತೆಯಲ್ಲಿ ಟರಟರ ಅಂತ ಸ್ಟೀರಿಂಗ್ ಮೂಲಕ ಅಂಗೈಗೆ ಬರುತ್ತದೆ.

ಒಂದು ಮಾತು ಮಾತ್ರ ಮರೆಯಬೇಡಿ. ಬಾಲ್ ಜಾಯಿಂಟಿನಲ್ಲಿ ಪ್ಲೇ ಕಂಡರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಮೆಕ್ಯಾನಿಕ್‌ನೇ ಮನೆಗೆ ಬರಲಿ. ಬುಷ್ ಹೋದರೆ ತಕ್ಷಣ ಅಷ್ಟು ಅಪಾಯ ಇಲ್ಲ, ಆದರೂ ತುಂಬಾ ದಿನ ಬಿಡದೆ ಸರಿಮಾಡಿಸಿ. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿಕೊಂಡು ಗಾಡಿ ಮೂಗು ನೆಲಕ್ಕೆ ಹೊಡೆಯುತ್ತದೆ. ನಾನು ರಸ್ತೆ ಮಧ್ಯೆ ಹಾಗೆ ಕೂತ ಗಾಡಿಗಳನ್ನು ಎತ್ತಿದ್ದೇನೆ.


ಮಲೆನಾಡ್_ಮಳೆ

ಗ್ರೀಸ್‌ಕೈ ಅವರು ಹೇಳಿದ ಮೇಲೆ ನಾನೇನು ಹೇಳಲಿ. ಆದರೂ ನನ್ನದೊಂದು ಕತೆ. ತೀರ್ಥಹಳ್ಳಿ ಕಡೆ ನಮ್ಮ ಹಳೇ ಗಾಡಿಯಲ್ಲಿ ಇದೇ ತರಹ ಸದ್ದು, ಮುಂದೆ ಎಡಗಡೆ, ನೂರಕ್ಕೆ ನೂರು ಅಲ್ಲೇ ಅಂತ ನಾನು, ನನ್ನ ತಮ್ಮ, ಮೆಕ್ಯಾನಿಕ್ ಮೂರೂ ಜನ ಬೆಟ್ ಕಟ್ಟಿದ್ದೆವು. ಕೊನೆಗೆ ನೋಡಿದರೆ ಬ್ಯಾಟರಿ ಕ್ಲ್ಯಾಂಪಿನ ನಟ್ಟು ಸಡಿಲ, ಗುಂಡಿ ಸಿಕ್ಕಾಗಲೆಲ್ಲ ಬ್ಯಾಟರಿ ಎಗರಿ ಟ್ರೇಗೆ ಬಡಿಯುತ್ತಿತ್ತು. ಬಾಡಿ ಪೂರ್ತಿ ತಗಡು ಅಲ್ವಾ, ಸದ್ದು ಎಲ್ಲೋ ಹುಟ್ಟಿ ಎಲ್ಲೋ ಕೇಳಿಸುತ್ತದೆ.

ಅದಕ್ಕೇ ದುಡ್ಡಿಲ್ಲದ ಕೆಲಸ ಮೊದಲು ಮಾಡಿ. ಡಿಕ್ಕಿ ಪೂರ್ತಿ ಖಾಲಿ ಮಾಡಿ, ಜ್ಯಾಕ್, ವೀಲ್ ಸ್ಪ್ಯಾನರ್, ಸ್ಟೆಪ್ನಿ ಎಲ್ಲ ಇಳಿಸಿ ಒಂದು ರೌಂಡ್ ಹೋಗಿ. ತೆಂಗಿನಕಾಯಿನೂ ಇಳಿಸಿ, ಒಂದು ಉರುಳಿದರೂ ಸಾಕು! ಬಾನೆಟ್ ಲಾಕು, ಬ್ಯಾಟರಿ, ಸೈಲೆನ್ಸರ್ ರಬ್ಬರು ಕೈಯಲ್ಲಿ ಹಿಡಿದು ಅಲುಗಾಡಿಸಿ. ಟೈರಿನ ಗಾಳಿ ನೋಡಿ. ಪೆಟ್ರೋಲ್ ಬಂಕಿನ ಹುಡುಗ ಯಾವ ಗಾಡಿ ಅಂತ ನೋಡದೆ 35-40 ಹಾಕಿಬಿಟ್ಟರೆ ಈ 12 ಇಂಚಿನ ಚಿಕ್ಕ ಚಕ್ರದಲ್ಲಿ ಪ್ರತಿ ಕಲ್ಲೂ ಸೊಂಟಕ್ಕೆ ಬಡಿಯುತ್ತದೆ.


ಕಲ್ಪತರು800

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಬೆಳಗ್ಗೆ ಇದೇ ಕೆಲಸ. ಅಪ್ಪ ಕುರ್ಚಿ ಹಾಕಿಕೊಂಡು ಕೂತು ನೋಡಿದರು, ಅರ್ಧ ಗಂಟೆ ಆದ ಮೇಲೆ ಅವರೂ ಎದ್ದು ಬಂದರು.

ಡಿಕ್ಕಿ ಖಾಲಿ ಮಾಡಿದೆ. ಜ್ಯಾಕ್ ಹಿಂದೆ ಎರಡು ವರ್ಷದ ಹಿಂದಿನ ಒಣ ಕಾಯಿ ಒಂದು ಸಿಕ್ಕಿತು, ಆದರೆ ಸದ್ದು ಅದರದಲ್ಲ. ಬ್ಯಾಟರಿ ಗಟ್ಟಿ ಇದೆ. ಗಾಳಿ ಸರಿ ಇದೆ.

12-6 ಹಿಡಿದು ಅಲುಗಾಡಿಸಿದೆ, ಏನೂ ಇಲ್ಲ. 9-3ರಲ್ಲಿ ಬಹಳ ಸಣ್ಣದಾಗಿ, ಇದೆಯೋ ಇಲ್ಲವೋ ಅನ್ನುವ ಹಾಗೆ, ಎರಡೂ ಕಡೆ ಒಂದೇ ತರಹ. ಬಾಕ್ಸ್ ಬದಲಾಯಿಸಿ ಅಂದವರು ಚಕ್ರ ಎತ್ತಿಯೇ ಇರಲಿಲ್ಲ, ಸ್ಟೀರಿಂಗ್ ಆ ಕಡೆ ಈ ಕಡೆ ತಿರುಗಿಸಿ ಹೇಳಿದ್ದರು. ಬ್ರೇಕ್ ಮೇಲೆ ಕಾಲಿಟ್ಟು ಮಣ್ಣು ದಾರಿಯಲ್ಲಿ ಹೋದೆ, ಸದ್ದು ಹಾಗೇ ಇತ್ತು. ಇನ್ನೂ ಸ್ವಲ್ಪ ಜಾಸ್ತಿನೇ ಅನ್ನಿಸಿತು.

ಇನ್ನು ಮುಂದೆ ಹೋಗಿ ಬ್ರೇಕ್, ಹಿಂದೆ ಬಂದು ಬ್ರೇಕ್. ಗುರುಗಳೇ, ಟಕ್! ಮುಂದೆ ಒಂದು, ಹಿಂದೆ ಒಂದು. ಅದೇ ದಿಕ್ಕಿನಲ್ಲಿ ಎರಡನೇ ಸಲ ಒತ್ತಿದರೆ ಇಲ್ಲ. ನೀವು ಬರೆದ ಹಾಗೇ. ಈಗ ನೆನಪು ಮಾಡಿಕೊಂಡರೆ ಮನೆಯ ಗೇಟಿನಿಂದ ರಿವರ್ಸ್ ತೆಗೆದು ಹೊರಡುವಾಗ, ಮೊದಲ ಬ್ರೇಕಿಗೆ ದಿನಾ ಒಂದು ಟಕ್ ಬರುತ್ತಿತ್ತು. ಅದನ್ನು ಬೇರೆ ಸದ್ದು ಅಂದುಕೊಂಡು ಇಲ್ಲಿ ಬರೆದೇ ಇರಲಿಲ್ಲ.

ಅಪ್ಪ ಇನ್ನೊಂದು ಮಾತು ಹೇಳಿದರು. ನಾಲ್ಕು ವರ್ಷದ ಹಿಂದೆ ಕ್ಲಚ್ ಪ್ಲೇಟ್ ಹಾಕಿಸುವಾಗ ಎಡಗಡೆ ಆಕ್ಸಲ್ (ಗೇರ್ ಬಾಕ್ಸಿನಿಂದ ಬಂದು ಚಕ್ರ ತಿರುಗಿಸುವ ರಾಡ್) ಬಿಚ್ಚಿದ್ದರಂತೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?


ಗ್ರೀಸ್‌ಕೈ

ಅಪ್ಪನಿಗೆ ನಮಸ್ಕಾರ ಹೇಳಿ. ಸಂಬಂಧ ಇದೆ, ಇಲ್ಲದೆ ಇರುತ್ತದಾ!

ಗೇರ್ ಬಾಕ್ಸ್ ಇಳಿಸಬೇಕಾದರೆ ಆಕ್ಸಲ್ ಎಳೆಯಬೇಕು. ಅದಕ್ಕೆ ಲೋವರ್ ಆರ್ಮಿನ ಬಾಲ್ ಜಾಯಿಂಟ್ ಬಿಡಿಸುತ್ತಾರೆ, ಕೈಗೆ ಅಡ್ಡ ಬಂದರೆ ಬ್ಯಾಲೆನ್ಸ್ ರಾಡಿನ ತುದಿಯ ನಟ್ಟೂ ಬಿಚ್ಚುತ್ತಾರೆ. ಮತ್ತೆ ಹಾಕುವಾಗ ಹಳೇ ಬುಷ್ಷೇ, ಗಾಡಿ ಜ್ಯಾಕ್ ಮೇಲೇ ಇರುತ್ತದೆ, ಚಕ್ರ ಕೆಳಕ್ಕೆ ಜೋತುಬಿದ್ದಿರುತ್ತದೆ, ಹಾಗೇ ನಟ್ಟು ಬಿಗಿದು ಇಳಿಸಿಬಿಡುತ್ತಾರೆ. ನೂರಕ್ಕೆ ತೊಂಬತ್ತು ಜನ ಮಾಡುವ ತಪ್ಪು ಇದು, ನಾನೂ ಶುರುವಿನಲ್ಲಿ ಮಾಡಿದ್ದೇನೆ. ಚಕ್ರ ಜೋತುಬಿದ್ದಾಗ ಬಿಗಿದರೆ ರಬ್ಬರ್ ಆ ಭಂಗಿಯಲ್ಲಿ ಕಚ್ಚಿಕೊಳ್ಳುತ್ತದೆ. ಗಾಡಿ ಇಳಿಸಿದ ತಕ್ಷಣ ಆರ್ಮ್ ಮೇಲೆ ಬರುತ್ತದೆ, ರಬ್ಬರ್ ತಿರುಚಿಕೊಳ್ಳುತ್ತದೆ. ರಸ್ತೆ ಮೇಲೆ ಹೋಗುವಷ್ಟು ಹೊತ್ತೂ ಅದು ತಿರುಚಿಕೊಂಡೇ ಇರಬೇಕು. ಒದ್ದೆ ಬಟ್ಟೆ ಹಿಂಡಿ ಹಿಂಡಿ ಹರಿದ ಹಾಗೆ ಬೇಗ ಸೀಳುತ್ತದೆ. ಆರ್ಮಿನ ಒಳ ಬುಷ್‌ಗೆ ಇದು ಇನ್ನೂ ಜಾಸ್ತಿ.

ಈಗ ಒಂದು ಒಳ್ಳೇ ಕಡೆ, ಲಿಫ್ಟ್ ಅಥವಾ ಪಿಟ್ (ಗಾಡಿ ಕೆಳಗೆ ನಿಂತು ನೋಡುವ ಹಳ್ಳ) ಇರುವ ಗ್ಯಾರೇಜಿಗೆ ಹೋಗಿ. ಪಿಟ್ ಇದ್ದರೆ ಇನ್ನೂ ಒಳ್ಳೆಯದು, ಗಾಡಿ ತನ್ನ ಕಾಲ ಮೇಲೇ ನಿಂತಿರುತ್ತದೆ. ನೀವು ಗಾಡಿಯಲ್ಲಿ ಕೂತು ಬ್ರೇಕ್ ಒತ್ತಿ ಹಿಡಿಯಿರಿ, ಇಬ್ಬರು ಹುಡುಗರು ಗಾಡಿಯನ್ನು ಹಿಂದೆ ಮುಂದೆ ಜಗ್ಗಲಿ, ಮೆಕ್ಯಾನಿಕ್ ಕೆಳಗೆ ನಿಂತು ಎಡಗಡೆ ರಾಡ್ ತುದಿಯನ್ನು ನೋಡಲಿ. ಕಣ್ಣಿಗೇ ಕಾಣುತ್ತದೆ. ಆಮೇಲೆ ಟಾಮಿ (ಮೀಟುವ ಕಬ್ಬಿಣದ ಸಲಾಕೆ) ಕೊಟ್ಟು ಆರ್ಮಿನ ಒಳ ಬುಷ್ ಮತ್ತು ಬಾಲ್ ಜಾಯಿಂಟ್ ಮೀಟಿ ನೋಡಲು ಹೇಳಿ. ಚಕ್ರ ಅಲುಗಾಡಿಸಿದಾಗ ಗೊತ್ತಾಗದ ಪ್ಲೇ ಟಾಮಿಗೆ ಗೊತ್ತಾಗುತ್ತದೆ.

ಸಾಮಾನು ಸಿಗುತ್ತದಾ ಅಂತ ಚಿಂತೆ ಬೇಡ. ಗಾಡಿ ತಯಾರಿಕೆ 2014ರ ಜನವರಿಯಲ್ಲೇ ನಿಂತಿದ್ದರೂ ಮೂವತ್ತು ವರ್ಷ ಮಾಡಿದ ಗಾಡಿ ಇದು. ತುಮಕೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಖಂಡಿತ ಸಿಗುತ್ತದೆ. ಬ್ಯಾಲೆನ್ಸ್ ರಾಡ್ ಬುಷ್ ಎರಡೂ ಕಡೆಗೆ, ಮಧ್ಯದಲ್ಲಿ ಬಾಡಿಗೆ ಹಿಡಿದಿರುವ ಬ್ರ್ಯಾಕೆಟ್ ಬುಷ್ ಕೂಡ, ಒಟ್ಟಿಗೆ ತಗೊಳ್ಳಿ. ಎಲ್ಲ ಸೇರಿಸಿದರೂ ನಿಮ್ಮ ಒಂದು ಶಾಕ್ಸ್ ದುಡ್ಡು ಆಗುವುದಿಲ್ಲ. ಗಾಡಿ ಇಸವಿ ಹೇಳಿ, ಸಾಧ್ಯ ಆದರೆ ಹಳೇ ಬುಷ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಒತ್ತಿದರೆ ಪ್ಲಾಸ್ಟಿಕ್ ಹಾಗೆ ಗಟ್ಟಿ ಇರುವ, ಹೊಳೆಯುವ ಅಗ್ಗದ ಬುಷ್ ಕೊಟ್ಟರೆ ವಾಪಸ್ ಕೊಡಿ. ಆರು ತಿಂಗಳಿಗೆ ಮತ್ತೆ ಇಲ್ಲಿಗೇ ಬಂದು ಪ್ರಶ್ನೆ ಕೇಳುತ್ತೀರಿ.

ಹಾಕುವಾಗ: ನಟ್ಟುಗಳನ್ನು ಮೊದಲು ಕೈಬಿಗಿ ಮಾತ್ರ ಮಾಡಿ, ಗಾಡಿ ಕೆಳಗಿಳಿಸಿ, ಎರಡು ಸಲ ಒತ್ತಿ ಕೂರಿಸಿ, ಆಮೇಲೆ ಕೊನೆಯ ಬಿಗಿತ. ನಟ್ಟು ಕಳಚದಂತೆ ಹಾಕುವ ಸ್ಪ್ಲಿಟ್ ಪಿನ್ ಹೊಸದು. ಬಿಚ್ಚುವ ಮೊದಲು ವಾಷರ್ ಯಾವ ಮುಖ ಯಾವ ಕಡೆ ಅಂತ ಬಲಗಡೆಯದು ಫೋಟೋ ತೆಗೆದುಕೊಳ್ಳಿ. ಎಡಗಡೆಯದನ್ನು ನಂಬಬೇಡಿ, ಅದನ್ನು ಯಾರೋ ಆಗಲೇ ಬಿಚ್ಚಿದ್ದಾರೆ.


ಹಾಸನ_ಹೈವೇ

ಲಿಂಕ್ ರಾಡ್ ಇಲ್ಲ ಅಂತ ಇವತ್ತೇ ಗೊತ್ತಾಗಿದ್ದು. ತಪ್ಪಾಯ್ತು ಸರ್. ಒಂದು ಡೌಟು, ಫುಲ್ ಸ್ಟೀರಿಂಗ್ ಕಟ್ ಮಾಡಿ ಯೂ ಟರ್ನ್ ಹೊಡೆಯುವಾಗ ಟಕ ಟಕ ಟಕ ಅಂತ ಬರುತ್ತದಲ್ಲ, ಅದೂ ಬುಷ್ಷೇನಾ?


ಗ್ರೀಸ್‌ಕೈ

ಅಲ್ಲ. ಚಕ್ರ ತಿರುಗಿದಷ್ಟೂ ಲೆಕ್ಕ ಹಾಕಿದ ಹಾಗೆ ಬರುತ್ತಿದ್ದರೆ, ಅದರಲ್ಲೂ ಆಕ್ಸಿಲರೇಟರ್ ಕೊಟ್ಟಾಗ ಜಾಸ್ತಿ ಆದರೆ, ಆಕ್ಸಲಿನ ಹೊರಗಿನ ಜಾಯಿಂಟ್. ಅದರ ರಬ್ಬರ್ ಬೂಟ್ ಹರಿದು ಗ್ರೀಸೆಲ್ಲ ರಿಮ್ ಒಳಗೆ ಎರಚಿರುತ್ತದೆ, ಬಗ್ಗಿ ನೋಡಿ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ‘ಟಂಗ್’ ಅಂತ ತಂತಿ ಮೀಟಿದ ಹಾಗೆ ಬಂದರೆ ಸ್ಟ್ರಟ್ ಮೇಲಿನ ಬೇರಿಂಗ್, ಸ್ಪ್ರಿಂಗ್ ಸಿಕ್ಕಿಕೊಂಡು ಬಿಡುತ್ತಿದೆ. ಆಗ ಒಬ್ಬರು ತಿರುಗಿಸುವಾಗ ಇನ್ನೊಬ್ಬರು ಸ್ಪ್ರಿಂಗಿನ ಹೊರಮೈಗೆ ಅಂಗೈ ತಾಗಿಸಿ ನೋಡಿದರೆ ಎಗರುವುದು ತಿಳಿಯುತ್ತದೆ. ಸುರುಳಿ ಮಧ್ಯೆ ಬೆರಳು ಮಾತ್ರ ಹಾಕಬೇಡಿ.


ಕಲ್ಪತರು800

ಆಯಿತು! ಸದ್ದು ಹೋಯಿತು. ಬರೆಯಲು ಹತ್ತು ದಿನ ತಡ ಮಾಡಿದೆ, ಮತ್ತೆ ಬರುತ್ತದೋ ಏನೋ ಅಂತ ಕಾಯುತ್ತಿದ್ದೆ. ಎರಡು ಸಲ ಊರಿಗೆ ಹೋಗಿ ಬಂದೆ, ಒಂದು ಸಲ ಪೂರ್ತಿ ಲೋಡು. ಇಲ್ಲ.

ಪಿಟ್ ಇರುವ ಒಂದು ಚಿಕ್ಕ ಗ್ಯಾರೇಜ್ ಸಿಕ್ಕಿತು. ಅವರು ಮೊದಲು ನನ್ನ ಮಾತು ಕೇಳಿ ‘ಯಾರು ಹೇಳಿದ್ದು ನಿಮಗೆ’ ಅಂತ ಸ್ವಲ್ಪ ಮುಖ ಗಂಟು ಹಾಕಿದರು. ಬ್ರೇಕ್ ಒತ್ತಿ ಹಿಡಿದೆ, ಹುಡುಗರು ಜಗ್ಗಿದರು, ಕೆಳಗಿನಿಂದ ‘ಅಯ್ಯೋ, ಬನ್ನಿ ಬನ್ನಿ ನೋಡಿ’ ಅಂತ ಕೂಗಿದರು. ನಾನು ಇಳಿದು ಅಪ್ಪನನ್ನು ಬ್ರೇಕ್ ಮೇಲೆ ಕೂರಿಸಿ ಪಿಟ್ಟಿಗೆ ಇಳಿದೆ. ಎಡಗಡೆ ರಾಡಿನ ತುದಿ ಆರ್ಮಿನ ತೂತಿನೊಳಗೆ ಹಿಂದೆ ಮುಂದೆ ಒಂದು ಬೆರಳು ದಪ್ಪ ಜಾರುತ್ತಿದೆ, ಪ್ರತಿ ಸಲ ಟಕ್. ಆರು ತಿಂಗಳು ಕೇಳಿದ ಸದ್ದನ್ನು ಕಣ್ಣಲ್ಲಿ ನೋಡಿದ ಹಾಗಾಯಿತು.

ಬಿಚ್ಚಿದಾಗ ಗೊತ್ತಾಗಿದ್ದು, ಎಡಗಡೆ ಮುಂದಿನ ವಾಷರ್ ಇರಲೇ ಇಲ್ಲ. ಬಲಗಡೆ ಎರಡು ಇವೆ, ಎಡಗಡೆ ಒಂದು. ಕ್ಲಚ್ ಮಾಡಿದ ದಿನ ಎಲ್ಲೋ ಬಿದ್ದುಹೋಗಿರಬೇಕು, ಹಾಗೇ ಬಿಗಿದಿದ್ದಾರೆ. ವಾಷರ್ ಇಲ್ಲದೆ ರಬ್ಬರ್ ತೂತಿನೊಳಗೆ ನುಗ್ಗಿ ನುಗ್ಗಿ ಅರ್ಧ ಸವೆದು ಹೋಗಿತ್ತು. ಉಳಿದದ್ದು ಕೈಗೆ ತಗೊಂಡರೆ ಒಣಗಿದ ಬೆಲ್ಲದ ಹಾಗೆ ಪುಡಿ ಪುಡಿ. ಆರ್ಮಿನ ತೂತಿನ ಸುತ್ತ ಎಲ್ಲ ಕಡೆ ತುಕ್ಕು ಹಿಡಿದಿದೆ, ಒಂದು ಕಡೆ ಮಾತ್ರ ಹೆಬ್ಬೆರಳಿನ ಉಗುರಿನಷ್ಟು ಜಾಗ ಬೆಳ್ಳಿ ಹಾಗೆ ಫಳಫಳ. ಅಲ್ಲೇ ಬಡಿಯುತ್ತಿದ್ದದ್ದು.

ತೂತು ಸ್ವಲ್ಪ ಅಂಡಾಕಾರ ಆಗಿತ್ತು. ಹೊಸ ಬುಷ್ ಹಾಕಿದರೂ ನಿಲ್ಲುತ್ತದೋ ಇಲ್ಲವೋ ಅಂತ ಮೆಕ್ಯಾನಿಕ್‌ಗೆ ಅನುಮಾನ. ಎಡಗಡೆ ಆರ್ಮೇ ಹೊಸದು ಹಾಕಿಸಿದೆ, ಬಾಲ್ ಜಾಯಿಂಟೂ ಅದರ ಜೊತೆ ಹೊಸದಾಯಿತು. ಬಲಗಡೆ ಬುಷ್ ಮಾತ್ರ. ಗಾಡಿ ಕೆಳಗಿಳಿಸಿ ಬಿಗಿಯಿರಿ ಅಂದದ್ದಕ್ಕೆ ಈ ಸಲ ಮುಖ ಗಂಟು ಹಾಕಲಿಲ್ಲ, ‘ಹೌದು ಸರ್ ಹಾಗೇ ಮಾಡೋದು’ ಅಂದರು. ಒಟ್ಟು ಖರ್ಚು ಶಾಕ್ಸ್‌ಗೆ ಕೊಟ್ಟದ್ದರ ಅರ್ಧಕ್ಕಿಂತ ಕಮ್ಮಿ.

ಇನ್ನೊಂದು ಬದಲಾವಣೆ. ಬ್ರೇಕ್ ಹಾಕಿದರೆ ಗಾಡಿ ಎಡಕ್ಕೆ ಸ್ವಲ್ಪ ಎಳೆಯುತ್ತಿತ್ತು, ರಸ್ತೆಯ ಇಳಿಜಾರು ಅಂದುಕೊಂಡಿದ್ದೆ. ಅದೂ ಹೋಗಿದೆ. ಈಗ ಅಲೈನ್‌ಮೆಂಟ್ ಮಾಡಿಸಬೇಕಾ? ಮೆಕ್ಯಾನಿಕ್ ಬೇಡ ಅಂದರು.


ಗ್ರೀಸ್‌ಕೈ

ಮಾಡಿಸಿ. ಆರ್ಮ್ ಬದಲಾದ ಮೇಲೆ ಬೇಡ ಅನ್ನುವ ಹಾಗಿಲ್ಲ. ಈ ಗಾಡಿಯಲ್ಲಿ ತಿರುಗಿಸಿ ಹೊಂದಿಸಲು ಇರುವುದು ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಒಂದೇ, ಟೈ ರಾಡಿನಲ್ಲಿ. ಕ್ಯಾಂಬರ್ (ಚಕ್ರ ಪಕ್ಕಕ್ಕೆ ವಾಲಿರುವುದು), ಕ್ಯಾಸ್ಟರ್ (ಸ್ಟ್ರಟ್ ಹಿಂದೆ ಮುಂದೆ ವಾಲಿರುವುದು) ಅಂತ ಹೇಳಿ ಬೇರೆ ಬೇರೆ ಬಿಲ್ ಹಾಕಿದರೆ ಕೊಡಬೇಡಿ. ಕ್ಯಾಸ್ಟರ್ ಹೊಂದುವುದು ನೀವು ಈಗ ಸರಿ ಮಾಡಿಸಿದ ರಾಡ್ ಮತ್ತು ಬುಷ್ಷಿನಿಂದಲೇ. ಎಡಕ್ಕೆ ಎಳೆಯುತ್ತಿದ್ದದ್ದೂ ಅದಕ್ಕೇ, ಬ್ರೇಕ್ ಒತ್ತಿದಾಗ ಎಡಗಡೆ ಚಕ್ರ ಒಂದು ಬೆರಳು ಹಿಂದಕ್ಕೆ ಹೋಗುತ್ತಿತ್ತಲ್ಲ.

ಐನೂರು ಕಿಲೋಮೀಟರ್ ಆದ ಮೇಲೆ ಆ ನಟ್ಟುಗಳ ಬಿಗಿತ ಒಂದು ಸಲ ನೋಡಿಸಿ. ಬದಲಾಯಿಸಿದ ಹಳೇ ಮೌಂಟಿಂಗ್ ಮನೆಯಲ್ಲಿದ್ದರೆ ಎಸೆಯಬೇಡಿ, ಅದು ಬಹುಶಃ ಚೆನ್ನಾಗಿಯೇ ಇದೆ.


ಕಲ್ಪತರು800

ಮೌಂಟಿಂಗ್ ಗ್ಯಾರೇಜಿನವರೇ ಇಟ್ಟುಕೊಂಡರು ಗುರುಗಳೇ. ಅಲೈನ್‌ಮೆಂಟ್ ನಾಳೆ ಮಾಡಿಸುತ್ತೇನೆ. ಅಪ್ಪ ಗಾಡಿ ಕೊಡುವ ಮಾತು ಎತ್ತುತ್ತಿಲ್ಲ. ಈಗ ಸೀಟ್ ಕವರ್ ಬದಲಾಯಿಸು ಅನ್ನುತ್ತಿದ್ದಾರೆ.